ರೈಲು ಕಿರುಚ್ತಾ ಇದ್ರೆ ಎಣ್ಣೆ ಬಾಟಲಿ ಆಮೇಲೆ ತೆಗೀರಿ

ಹೋದ ತಿಂಗಳು ಸುರತ್ಕಲ್‌ನ ಗೆಳೆಯರೊಬ್ಬರು ತಮ್ಮ ಮಾದರಿ ರೈಲಿನ ಎಚ್‌ಒ ಇಂಜಿನನ್ನು (ನಿಜವಾದ ರೈಲಿನ 87ನೇ ಒಂದು ಭಾಗದ ಅಳತೆಯದ್ದು) ಟವೆಲ್‌ನಲ್ಲಿ ಸುತ್ತಿಕೊಂಡು ಉಡುಪಿಗೆ ಬಂದಿದ್ದರು. "ಎಣ್ಣೆ ಹಾಕಿದಷ್ಟೂ ಕಿರುಚ್ತದೆ ಮಾರಾಯ್ರೆ, ಏನು ಮಾಡುದು?" ಅಂದರು. ಅಡಿಯ ಮುಚ್ಚಳ ಬಿಚ್ಚಿ ನೋಡಿದರೆ ಗೇರಿನ ಹಲ್ಲೇ ಕಾಣುತ್ತಿರಲಿಲ್ಲ. ಬೆಲ್ಲದ ಪಾಕ ತಳ ಹಿಡಿದ ಹಾಗೆ ಕಂದು ಅಂಟು, ಅದರೊಳಗೆ ಧೂಳು, ಚಾಪೆಯ ನೂಲು, ಮುಂದಿನ ಆಕ್ಸಲ್‌ಗೆ ಏಳೆಂಟು ಸುತ್ತು ಸುತ್ತಿಕೊಂಡ ಉದ್ದದ ತಲೆಕೂದಲು. ಆ ಇಂಜಿನ್‌ಗೆ ಎಣ್ಣೆ ಕಡಿಮೆ ಆಗಿರಲಿಲ್ಲ, ಜಾಸ್ತಿ ಆಗಿತ್ತು. ನನ್ನ ಕೈಗೆ ಬಂದ ಸದ್ದಿನ ಇಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾಯಿಲೆ. ನಮ್ಮ ಕರಾವಳಿಯ ಸೆಕೆ, ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಸೇರಿದರೆ ಹೆಚ್ಚಾದ ಎಣ್ಣೆ ಧೂಳು ಹಿಡಿದು ಗೋಂದಿನ ಹಾಗೆ ಆಗುತ್ತದೆ.

ಹಾಗಾಗಿ ಮೊದಲ ಕೆಲಸ ಎಣ್ಣೆ ಅಲ್ಲ, ಕಿವಿ. ಮಂಗಳೂರು ಸೆಂಟ್ರಲ್‌ನಂಥ ದೊಡ್ಡ ಸ್ಟೇಷನ್‌ಗಳಲ್ಲಿ ರೈಲು ಒಳಗೆ ಬರುವಾಗ ಸಿಬ್ಬಂದಿ ಹಳಿ ಪಕ್ಕ ನಿಂತು ಚಕ್ರಗಳನ್ನೇ ನೋಡುತ್ತಾ, ಸದ್ದು ಕೇಳುತ್ತಾ ಇರುತ್ತಾರಲ್ವಾ, ಅದನ್ನೇ ನಾವೂ ಮಾಡಬೇಕು. ಫ್ಯಾನ್ ಆಫ್ ಮಾಡಿ, ಬೋಗಿಗಳನ್ನೆಲ್ಲ ಕಳಚಿ ಇಂಜಿನ್ ಒಂದನ್ನೇ ನಿಧಾನಕ್ಕೆ ಓಡಿಸಿ. ಸಣ್ಣ ದನಿಯಲ್ಲಿ ಕೀರಲು ಶಬ್ದ ಬಂದರೆ ಮೋಟಾರಿನ ತುದಿಯ ಬುಷ್ (ಶಾಫ್ಟ್ ತಿರುಗುವ ಲೋಹದ ಸಣ್ಣ ಬಳೆ) ಒಣಗಿರುವ ಸಾಧ್ಯತೆ ಜಾಸ್ತಿ. ಗರಗರ ಅಂದರೆ ಗೇರಿನ ಗ್ರೀಸ್ ಒಣಗಿದೆ ಅಥವಾ ಕೊಳೆ ಕೂತಿದೆ. ಚಕ್ರ ಸುತ್ತಿದ ಹಾಗೆ ಲೆಕ್ಕ ಹಾಕಿದಂತೆ ಟಿಕ್ ಟಿಕ್ ಅಂದರೆ ಗೇರಿನ ಹಲ್ಲಲ್ಲಿ ಕಸ ಸಿಕ್ಕಿದೆ, ಇಲ್ಲವೇ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿದೆ. ಸೀಳಿದ ಗೇರಿಗೆ ಯಾವ ಎಣ್ಣೆಯೂ ಮದ್ದಲ್ಲ, ಬದಲಾಯಿಸಲೇಬೇಕು.

ಬಿಚ್ಚುವಾಗ ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೋ ತೆಗೆಯಿರಿ. ಸ್ಕ್ರೂ ಇಡಲು ನಾನು ಲೇಪ ಎದ್ದುಹೋದ ಹಳೇ ಗುಳಿಯಪ್ಪದ ಕಾವಲಿ ಇಟ್ಟುಕೊಂಡಿದ್ದೇನೆ. ಮೊದಲು ಬಿಚ್ಚಿದ ಸ್ಕ್ರೂ ಮೊದಲ ಗುಳಿಗೆ, ಆಮೇಲಿನದು ಪಕ್ಕದ ಗುಳಿಗೆ, ಹೀಗೆ ಸುತ್ತ ಹೋದರೆ ಜೋಡಿಸುವಾಗ ಹಿಂದಿನಿಂದ ಬಂದರಾಯಿತು. ಇಂಜಿನ್ ತಲೆಕೆಳಗೆ ಮಲಗಿಸಲು ದಪ್ಪ ಟವೆಲ್ ಮಡಚಿಡಿ.

ಕ್ಲೀನ್ ಮಾಡಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು, ಮೊಬೈಲ್ ರಿಪೇರಿಯವರು ಐಪಿಎ ಅಂತಾರೆ, ಅವರ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒಣಗಿದ ಮೇಲೂ ಪದರ ಉಳಿಯುತ್ತದೆ. ಮೊದಲು ಟೂತ್‌ಪಿಕ್‌ನಿಂದ ಹಲ್ಲು ಹಲ್ಲಿನ ನಡುವಿನ ಹಳೇ ಗ್ರೀಸ್ ಕೆದಕಿ ತೆಗೆಯಿರಿ, ಲೋಹದ ಸೂಜಿ ಬೇಡ, ಪ್ಲಾಸ್ಟಿಕ್ ಗೀರುತ್ತದೆ. ಆಮೇಲೆ ಮೆತ್ತನೆಯ ಟೂತ್‌ಬ್ರಷ್‌ಗೆ ಸ್ವಲ್ಪ ಐಪಿಎ ಹಾಕಿ ಉಜ್ಜಿ. ಬಣ್ಣ ಬಳಿದ ಮೇಲ್ಭಾಗಕ್ಕೆ ಅದನ್ನು ತಾಗಿಸಬೇಡಿ, ಬಣ್ಣ, ಅಕ್ಷರ ಎದ್ದು ಬರಬಹುದು. ಬೇಗ ಬೆಂಕಿ ಹಿಡಿಯುವ ವಸ್ತು, ಹಾಗಾಗಿ ಕಿಟಕಿ ತೆರೆದಿಡಿ, ಹತ್ತಿರ ದೀಪ, ಊದುಬತ್ತಿ ಇರಬಾರದು. ಚಕ್ರಕ್ಕೆ ಸುತ್ತಿದ ಕೂದಲನ್ನು ಚಿಮಟದಿಂದ ಎಳೆಯುವ ಮೊದಲು ಸಣ್ಣ ಕತ್ತರಿಯಿಂದ ಅಡ್ಡ ಕತ್ತರಿಸಿ, ಸುಮ್ನೆ ಎಳೆದರೆ ಇನ್ನೂ ಒಳಗೆ ಬಿಗಿಯುತ್ತದೆ. ಇಷ್ಟಾದ ಮೇಲೆ ಚೆನ್ನಾಗಿ ಒಣಗಲು ಬಿಡಿ. ಗೆಳೆಯರ ಇಂಜಿನ್‌ಗೆ ಈ ಕೆಲಸವೇ ಒಂದೂವರೆ ಗಂಟೆ ಹಿಡಿಯಿತು, ಎಣ್ಣೆ ಹಾಕಲು ಐದು ನಿಮಿಷ ಸಾಕಾಯಿತು.

ಈಗ ಎಣ್ಣೆ. ಮನೆಯಲ್ಲಿ ಇದೆ ಅಂತ ತೆಂಗಿನೆಣ್ಣೆ ಹಾಕಬೇಡಿ, ದಯವಿಟ್ಟು. ನನ್ನ ಮೊದಲ ಇಂಜಿನ್‌ಗೆ ಅದನ್ನೇ ಹಾಕಿದ್ದೆ. ಗಾಳಿ ತಾಗಿ ಕಮಟು ವಾಸನೆ ಬರುತ್ತದೆ, ಧೂಳು ಹಿಡಿಯುತ್ತದೆ, 24-25 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಎಸಿ ರೂಮಲ್ಲಿ ಇಟ್ಟರೆ ಗೇರಿನೊಳಗೂ ಅದೇ ಗತಿ. ಡಬ್ಲ್ಯುಡಿ-40 ಕೂಡ ಬೇಡ. ಅದು ಬೋಲ್ಟ್ ಬಿಡಿಸಲು ಒಳ್ಳೆಯದು, ಆದರೆ ಇಂಜಿನ್ ಒಳಗೆ ಸ್ಪ್ರೇ ಮಾಡಿದರೆ ಬೇಡದ ಕಡೆಗೆಲ್ಲ ಹರಡುತ್ತದೆ, ಉಳಿದ ಪದರ ಧೂಳನ್ನು ಕರೆಯುತ್ತದೆ. ಗ್ಯಾರೇಜಿನ ಗ್ರೀಸ್ ಇಷ್ಟು ಸಣ್ಣ ಮೋಟಾರಿಗೆ ತುಂಬ ಗಟ್ಟಿ. ಬೇಕಾಗಿರುವುದು ಎರಡೇ, ಪ್ಲಾಸ್ಟಿಕ್‌ಗೆ ಹಾನಿ ಮಾಡದ ತೆಳು ಎಣ್ಣೆ ಮತ್ತು ಪ್ಲಾಸ್ಟಿಕ್‌ಗೆ ಹೊಂದುವ ಗ್ರೀಸ್. ಲೇಬೆಲ್ ಕಂಪನಿಯ 108 ನಂಬರಿನ ಎಣ್ಣೆ, 106 ನಂಬರಿನ ಗ್ರೀಸ್ ಇದಕ್ಕೆಂದೇ ಇವೆ. ಅದು ಸಿಗುವವರೆಗೆ ಒಳ್ಳೆಯ ಹೊಲಿಗೆ ಮಿಷನ್ ಎಣ್ಣೆಯನ್ನು ಮೋಟಾರಿನ ಲೋಹದ ಬುಷ್‌ಗೆ ಮಾತ್ರ ಹಾಕಬಹುದು, ಪ್ಲಾಸ್ಟಿಕ್ ಗೇರಿಗೆ ನಾನು ಹಾಕುವುದಿಲ್ಲ.

ಬಾಟಲಿಯಿಂದ ನೇರ ಸುರಿಯಬೇಡಿ. ಗುಂಡುಸೂಜಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ, ತುದಿಯಲ್ಲಿ ನಿಂತ ಆ ಚುಕ್ಕಿಯನ್ನು ಮೋಟಾರಿನ ಶಾಫ್ಟ್ ಬುಷ್‌ನೊಳಗೆ ಹೋಗುವ ಜಾಗಕ್ಕೆ ತಾಗಿಸಿ. ಎಣ್ಣೆ ತಾನಾಗಿ ಒಳಗೆ ಎಳೆದುಕೊಳ್ಳುವುದು ಕಣ್ಣಿಗೆ ಕಾಣುತ್ತದೆ, ಚುಕ್ಕಿ ಮಾಯ ಆಗುತ್ತದೆ. ಅಷ್ಟೇ ಸಾಕು. ಎರಡೂ ತುದಿಗೆ ಒಂದೊಂದು, ಆಕ್ಸಲ್ ಕೂರುವ ಜಾಗಕ್ಕೆ ಒಂದೊಂದು. ಕಾರ್ಬನ್ ಬ್ರಷ್ ತಾಗುವ ತಾಮ್ರದ ಕಮ್ಯುಟೇಟರ್‌ಗೆ ಎಣ್ಣೆ ತಾಗಲೇಬಾರದು, ತಾಗಿದರೆ ಕಾರ್ಬನ್ ಪುಡಿ ಜೊತೆ ಸೇರಿ ಕಪ್ಪು ಕೆಸರಾಗಿ ಮೋಟಾರ್ ಬಿಸಿಯಾಗುತ್ತದೆ. ಗ್ರೀಸ್ ವರ್ಮ್ ಗೇರಿಗೆ (ಮೋಟಾರಿನ ಶಾಫ್ಟ್ ಮೇಲಿನ ಸ್ಕ್ರೂ ಆಕಾರದ ಗೇರು) ಮತ್ತು ಅದು ತಿರುಗಿಸುವ ಗೇರಿಗೆ, ಸಾಸಿವೆ ಕಾಳಿನಷ್ಟು. ಓಡಿಸಿದಾಗ ಉಳಿದ ಹಲ್ಲುಗಳಿಗೆ ಅದೇ ಹಂಚಿಕೊಳ್ಳುತ್ತದೆ. ಕೆಲವು ಇಂಜಿನ್‌ಗಳ ಚಕ್ರಕ್ಕೆ ಹಿಡಿತಕ್ಕಾಗಿ ರಬ್ಬರ್ ಪಟ್ಟಿ ಇರುತ್ತದೆ, ಅದಕ್ಕೆ ಎಣ್ಣೆ ತಾಗಿದರೆ ಜಾರುತ್ತದೆ, ಉಬ್ಬಿ ಸಡಿಲವಾಗುತ್ತದೆ. ಬೋಗಿಗಳಿಗೆ ಸಾಮಾನ್ಯವಾಗಿ ಏನೂ ಬೇಡ. ಪ್ಲಾಸ್ಟಿಕ್ ಫ್ರೇಮ್‌ನಲ್ಲಿ ಲೋಹದ ಆಕ್ಸಲ್‌ನ ಚೂಪು ತುದಿ ಒಣಗಿದ್ದೇ ಚೆನ್ನಾಗಿ ಉರುಳುತ್ತದೆ, ತೀರಾ ಬಿಗಿ ಅನಿಸಿದರೆ ಚಿಟಿಕೆ ಗ್ರಾಫೈಟ್ ಪುಡಿ.

ಜೋಡಿಸಿದ ಮೇಲೆ ಅರ್ಧ ವೇಗದಲ್ಲಿ ಮುಂದಕ್ಕೆ ಹದಿನೈದು ನಿಮಿಷ, ಹಿಂದಕ್ಕೆ ಹದಿನೈದು ನಿಮಿಷ ಓಡಿಸಿ, ಹೊರಗೆ ಬಂದ ಎಣ್ಣೆಯನ್ನು ಇಯರ್‌ಬಡ್‌ನಿಂದ ಒರೆಸಿ.

ಚಕ್ರ ಒರೆಸಲು ಸುಲಭದ ದಾರಿ ಇದೆ. ಐಪಿಎ ಹಾಕಿದ ತೆಳು ಬಟ್ಟೆಯನ್ನು ಹಳಿ ಮೇಲೆ ಅಡ್ಡ ಹಾಸಿ, ಇಂಜಿನ್‌ನ ಅರ್ಧ ಚಕ್ರ ಬಟ್ಟೆ ಮೇಲೆ, ಅರ್ಧ ಬರಿ ಹಳಿ ಮೇಲೆ ಇರುವಂತೆ ಹಿಡಿದು ಕರೆಂಟ್ ಕೊಡಿ. ಬಟ್ಟೆ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಆಮೇಲೆ ಇಂಜಿನ್ ತಿರುಗಿಸಿ ಉಳಿದ ಚಕ್ರಕ್ಕೂ ಮಾಡಿ. ಹಳಿಯನ್ನೂ ಅದೇ ಬಟ್ಟೆಯ ಹೊಸ ಮಗ್ಗುಲಿನಿಂದ ಒರೆಸಿ. ಉಪ್ಪು ಕಾಗದ ಬೇಡ, ಅದು ಮಾಡಿದ ಗೀರಿನಲ್ಲೇ ಮುಂದೆ ಕೊಳೆ ಕೂರುತ್ತದೆ. ಹಿತ್ತಾಳೆ ಹಳಿ ನಮ್ಮ ಹವೆಗೆ ಬೇಗ ಮಂಕಾಗುತ್ತದೆ, ಹೊಸದು ತಗೊಳ್ಳುವುದಾದರೆ ನಿಕಲ್ ಸಿಲ್ವರ್ ಹಳಿಗೆ ಸ್ವಲ್ಪ ದುಡ್ಡು ಜಾಸ್ತಿ ಕೊಡಿ.

ಇಷ್ಟೆಲ್ಲ ಮಾಡಿದ ಮೇಲೂ ಸದ್ದು ಇದ್ದರೆ ಇಂಜಿನನ್ನು ಕೈಯಲ್ಲಿ ಎತ್ತಿ ಹಿಡಿದು, ಹಳಿಗೆ ಕರೆಂಟ್ ಕೊಡುವ ಕಂಟ್ರೋಲರ್‌ನ ತಂತಿಯಿಂದಲೇ ಕರೆಂಟ್ ಕೊಟ್ಟು ಕೇಳಿ. ಕೈಯಲ್ಲಿ ಮೆಲ್ಲಗೆ, ಹಲಗೆ ಮೇಲೆ ಜೋರು ಅಂದರೆ ತಪ್ಪು ಪ್ಲೈವುಡ್‌ನದ್ದು. ನೇರ ಮೊಳೆ ಹೊಡೆದ ಹಳಿಯಿಂದ ಇಡೀ ಹಲಗೆ ಚೆಂಡೆಯ ಹಾಗೆ ಸದ್ದು ಮಾಡುತ್ತದೆ. ಹಳಿ ಕೆಳಗೆ 3 ರಿಂದ 5 ಮಿಲಿಮೀಟರ್ ಕಾರ್ಕ್ ಅಥವಾ ಫೋಮ್ ಹಾಳೆ ಹಾಸಿ, ಮೊಳೆ ಬದಲು ಅಂಟು ಬಳಸಿ. ಗೆಳೆಯರ ಸುರತ್ಕಲ್ ಮನೆಯಲ್ಲಿ ಈಗ ಉಳಿದಿರುವ ಕೆಲಸ ಇದೊಂದೇ.

ನಾನು ವರ್ಷಕ್ಕೆ ಎರಡು ಸಲ ಇಂಜಿನ್ ಬಿಚ್ಚುತ್ತೇನೆ, ಮೇ ಕೊನೆಗೆ ಮಳೆ ಹಿಡಿಯುವ ಮೊದಲು ಮತ್ತು ಆಯುಧ ಪೂಜೆಯ ಹಿಂದಿನ ವಾರ. ಮಳೆಗಾಲದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಬಣ್ಣದ ಜೆಲ್ ತಗೊಂಡರೆ ತೇವ ಕುಡಿದಾಗ ಹಸಿರಾಗುತ್ತದೆ, ಓವನ್‌ನಲ್ಲಿ ಸುಮಾರು 110 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಕಿತ್ತಳೆ ಆಗುತ್ತದೆ. ಡಬ್ಬಿಯಲ್ಲೇ ನಾಲ್ಕು ತಿಂಗಳು ಮಲಗಿಸಬೇಡಿ, ಎರಡು ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ಯಾವ ದಿನ ಯಾವ ಎಣ್ಣೆ ಹಾಕಿದ್ದು ಅಂತ ಚೀಟಿ ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಇಲ್ಲದಿದ್ದರೆ ಮುಂದಿನ ಸಲ ನೆನಪಾಗದೆ ಮತ್ತೊಂದು ಚುಕ್ಕಿ ಹಾಕಿಬಿಡುತ್ತೀರಿ.