ದೊಡ್ಡಗದ್ದವಳ್ಳಿ ಗುಡಿಯನ್ನು ಸನ್‌ಬೋರ್ಡ್‌ನಲ್ಲಿ ಕಟ್ಟಿದ್ದು

"ಕೇಕ್ ಥರ ಕಾಣುತ್ತೆ, ಬಿಡಿ ಸಾರ್" ಅಂದಿದ್ದರು. ಮಾಡೆಲ್ ಮಾಡುವ ನಮ್ಮ ಗೆಳೆಯರೆಲ್ಲ ಥರ್ಮೋಕೋಲ್ ಕೊರೆಯುವವರೇ. ಸನ್‌ಬೋರ್ಡ್ ಅನ್ನುವ ಗಟ್ಟಿ ಫೋಮ್ ಹಾಳೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಿ ಹೊಯ್ಸಳರ ಗುಡಿ ಮಾಡುತ್ತೇನೆ ಅಂದಾಗ ನಕ್ಕಿದ್ದೇ ನಕ್ಕಿದ್ದು. ಎರಡೂವರೆ ಮಾಡೆಲ್ ಹಾಳು ಮಾಡಿದ ಮೇಲೆ ಈಗ ಒಂದು ನೆಟ್ಟಗೆ ನಿಂತಿದೆ. ನಕ್ಕವರಲ್ಲಿ ಇಬ್ಬರು ಆಗಲೇ ಫೋನ್ ಮಾಡಿ "ಹೇಗೆ ಮಾಡಿದ್ರಿ" ಅಂತ ಕೇಳಿದ್ದಾರೆ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಹಾಸನದಿಂದ ಬೇಲೂರಿಗೆ ಹೋಗುವಾಗ ಸ್ವಲ್ಪ ಒಳಗೆ ತಿರುಗಿದರೆ ದೊಡ್ಡಗದ್ದವಳ್ಳಿ. ಕೆರೆ ಪಕ್ಕದಲ್ಲಿ ಲಕ್ಷ್ಮೀದೇವಿ ಗುಡಿ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಎಲ್ಲ ಆ ಕಡೆಗೇ. ಆದರೆ ಈ ಪುಟ್ಟ ಗುಡಿ ಬೇಲೂರಿನ ಚೆನ್ನಕೇಶವನಿಗಿಂತ ಮೂರ್ನಾಲ್ಕು ವರ್ಷ ಹಿರಿಯದು. ಅದು 1117, ಇದು 1113-14. ಎರಡೂ ವಿಷ್ಣುವರ್ಧನನ ಕಾಲದವೇ. ಇದನ್ನು ಕಟ್ಟಿಸಿದ್ದು ಮಾತ್ರ ರಾಜ ಅಲ್ಲ, ಕುಲ್ಲಹಣ ರಾಹುತ ಅನ್ನುವ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಚತುಷ್ಕೂಟ, ಅಂದರೆ ನಾಲ್ಕು ಗರ್ಭಗುಡಿ, ಹೊಯ್ಸಳರಲ್ಲಿ ಇದು ಬಲು ಅಪರೂಪ. ನಾನು ಇದನ್ನು ಆರಿಸಿಕೊಂಡಿದ್ದು ಭಕ್ತಿಯಿಂದೇನೂ ಅಲ್ಲ. ಬೇಲೂರಿನಲ್ಲಿರುವಂಥ ಎತ್ತರದ ಜಗತಿ (ಗುಡಿ ನಿಲ್ಲುವ ಕಟ್ಟೆ) ಇಲ್ಲ, ಗೋಡೆ ತುಂಬಾ ಕುಸುರಿ ಇಲ್ಲ, ನಾಲ್ಕರಲ್ಲಿ ಮೂರು ಶಿಖರ ಕದಂಬ ನಾಗರ, ಸುಮ್ನೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಿ ತುದಿಗೆ ಕಲಶ. ಹಾಳೆ ಪೇರಿಸುವವನಿಗೆ ಇದಕ್ಕಿಂತ ಬೇರೇನು ಬೇಕು?

ಮೊದಲನೇ ತಪ್ಪು ಎತ್ತರದ್ದು. ಲೇಸರ್ ಮೀಟರ್ ಒಂದು ತಗೊಂಡಿದ್ದೆ, ಮೂರು ಸಾವಿರ ಚಿಲ್ಲರೆ. ಬಿಸಿಲಲ್ಲಿ ಅದರ ಕೆಂಪು ಚುಕ್ಕೆ ಕಾಣೋದೇ ಇಲ್ಲ! ಕೊನೆಗೆ ನೆರಳಿನ ಲೆಕ್ಕಕ್ಕೆ ಬಂದೆ, ಮೂರಡಿ ಕೋಲು ನಿಲ್ಲಿಸಿ ಅದರ ನೆರಳು, ಅದೇ ಹೊತ್ತಿಗೆ ಶಿಖರದ ತುದಿಯ ನೆರಳು. ಮನೆಗೆ ಬಂದು ಗುಣಿಸಿ ಕಟ್ಟಿದರೆ ಶಿಖರ ಇಡ್ಲಿ ಪಾತ್ರೆ ಥರ ಕುಳ್ಳಗೆ ಕೂತಿತು. ಎರಡು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ನಾನು ನೆರಳನ್ನು ಗೋಡೆಯ ಬುಡದಿಂದ ಅಳೆದಿದ್ದೆ. ಕಲಶ ಇರೋದು ಗೋಡೆಯ ಮೇಲಲ್ಲ, ಗರ್ಭಗುಡಿಯ ನಡುಮಧ್ಯೆ ಅಲ್ವಾ? ನಡುವಿನಿಂದ ಗೋಡೆವರೆಗಿನ ದೂರವನ್ನೂ ಸೇರಿಸಬೇಕು. ಎಂಟನೇ ಕ್ಲಾಸಿನ ಹುಡುಗ ಹೇಳುವಂಥದ್ದು, ನನಗೆ ಸುಮಾರು 2,200 ರೂಪಾಯಿ ಸನ್‌ಬೋರ್ಡ್ ದಂಡ.

ಎರಡನೇದು ನಕ್ಷೆ. ನಾಲ್ಕು ಗರ್ಭಗುಡಿ ಅಂದರೆ ನಾಲ್ಕೂ ಕಡೆಗೆ ಒಂದೇ ಅಳತೆ ಅಂದುಕೊಂಡು ಪ್ಲಸ್ ಗುರುತಿನ ಹಾಗೆ ಕತ್ತರಿಸಿಬಿಟ್ಟೆ. ಹಾಗಿಲ್ಲ. ಮೂರು ಗರ್ಭಗುಡಿಗೂ ಸೇರಿ ಒಂಬತ್ತು ಅಂಕಣದ (ಅಂಕಣ ಅಂದರೆ ಕಂಬಗಳ ನಡುವಿನ ಒಂದು ಮನೆ) ಚೌಕ ಮಂಟಪ ಇದೆ. ನಾಲ್ಕನೆಯದು ಅದರಿಂದ ಉದ್ದಕ್ಕೆ ಚಾಚಿದ ಇನ್ನಷ್ಟು ಅಂಕಣ ದಾಟಿ ಆಚೆಗಿದೆ, ಒಳಗೆ ಬರುವ ಬಾಗಿಲುಗಳೂ ಆ ಕಡೆಗೇ. ಫೋಟೊ ನೋಡಿ ಕಟ್ಟುವವರು ಖಂಡಿತ ಎಡವುವ ಜಾಗ ಇದು. ಒಂದು ಸಲ ಹೋಗಿ ಒಳಗೆ ನಿಂತು ಅಂಕಣ ಎಣಿಸಿ ಬನ್ನಿ. ನಾಲ್ಕರಲ್ಲಿ ಒಂದಾದ ಕಾಳಿಯ ಗರ್ಭಗುಡಿಯ ಬಾಗಿಲ ಎರಡು ಪಕ್ಕದಲ್ಲಿ ಎಲುಬಿನ ಬೇತಾಳಗಳಿವೆ, ಸಂಜೆ ಒಬ್ಬನೇ ಎಣಿಸುತ್ತಿದ್ದಾಗ ನನಗೆ ಎರಡು ಸಲ ಲೆಕ್ಕ ತಪ್ಪಿತು. ಟ್ರೈಪಾಡ್ ಒಯ್ಯಬೇಡಿ, ಪುರಾತತ್ವ ಇಲಾಖೆಯ ಜಾಗ, ಅನುಮತಿ ಬೇಕು.

ಮೂರನೇದನ್ನು ಹೇಳಲು ನಾಚಿಕೆ. 1:40 ಅಳತೆಯಲ್ಲಿ ಸುತ್ತಿನ ಪ್ರಾಕಾರ, ಮೂಲೆಯ ಚಿಕ್ಕ ಗುಡಿಗಳು ಎಲ್ಲ ಸೇರಿಸಿ ಅರ್ಧ ಕಟ್ಟಿದ ಮೇಲೆ ನೋಡಿದರೆ ಹಲಗೆ ಕೋಣೆ ಬಾಗಿಲಲ್ಲಿ ಹೊರಗೆ ಬರಲ್ಲ. ಅದು ಇನ್ನೂ ಅಲ್ಲೇ ಇದೆ, ನಮ್ಮನೆಯವರು ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತಾರೆ. ಈಗಿನದು 1:60.

ಇನ್ನು ಗೆದ್ದ ವಿಷಯ. ಬರೀ 5 ಎಂಎಂ ಹಾಳೆ ಪೇರಿಸಿದರೆ ಕೇಕೇ, ಅವರು ಹೇಳಿದ್ದು ಸುಳ್ಳಲ್ಲ. ಗುಡಿಯಲ್ಲಿ ಎರಡು ಮೆಟ್ಟಿಲ ನಡುವೆ ಕಲ್ಲು ಒಳಕ್ಕೆ ಸರಿದು ಕಪ್ಪಗೆ ಒಂದು ಗೆರೆ ಕಾಣುತ್ತದೆ. ಅದು ಬಂದರೆ ಗುಡಿ ಬಂತು. ನಾನು ಪ್ರತಿ ಎರಡು ಹಾಳೆ ನಡುವೆ 2 ಎಂಎಂ ಹಾಳೆ ಹಾಕಿದೆ, ನಾಲ್ಕೂ ಬದಿ ಸುಮಾರು 3 ಎಂಎಂ ಒಳಕ್ಕೆ. ಅಂಟಿಸುವ ಮೊದಲೇ ಅದರ ಅಂಚಿಗೆ ಕಪ್ಪು ಬಳಿದೆ, ಆಮೇಲೆ ಬ್ರಷ್ ಒಳಗೆ ಹೋಗಲ್ಲ. ಮೇಲಿನ ಹಾಳೆಯ ಅಂಚನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಇಳಿಜಾರು ಮಾಡಿಕೊಳ್ಳಿ. ಎಷ್ಟು ಇಳಿಜಾರು ಅನ್ನೋದನ್ನು ನೀವೇ ಹುಡುಕಿ, ನನಗೆ ಒಂದು ವರ್ಷ ಹಿಡಿದಿದೆ. ಬಳಪದ ಕಲ್ಲಿನ ಬೂದು ಹಸಿರು ಬಣ್ಣ ಹೇಗೆ ತಂದೆ ಅಂತಲೂ ಕೇಳಬೇಡಿ. ಅಂಗಡಿಯ ಗ್ರೇ ಅಲ್ಲ, ಅದರಲ್ಲಿ ಅಡುಗೆಮನೆಯ ಒಂದು ವಸ್ತು ಇದೆ, ಅಷ್ಟೇ ಹೇಳುವೆ.

ಕಂಬದ ಹುಚ್ಚು ಬೇರೆ ಹತ್ತಿತ್ತು. ಹೊಯ್ಸಳರು ಬಳಪದ ಕಲ್ಲಿನ ಕಂಬಗಳನ್ನು ಚರಕಿಗೆ ಹಾಕಿ ತಿರುಗಿಸಿ ಕಡೆಯುತ್ತಿದ್ದರಲ್ಲ, ನಾವೂ ಅದೇ ಕಲ್ಲಿನಲ್ಲಿ ಮಾಡೋಣ ಅಂತ ವೆಲ್ಡಿಂಗ್‌ನವರು ಗೆರೆ ಎಳೆಯುವ ದುಂಡು ಬಳಪ ತಂದು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ಅರ ಹಿಡಿದೆ. ನಲವತ್ತರಲ್ಲಿ ಹನ್ನೆರಡೋ ಹದಿಮೂರೋ ಉಳಿದವು, ಮಿಕ್ಕದ್ದು ಪಟ್ ಅಂತ ಮುರಿದು ಗೋಡೆಗೆ ಹಾರಿದವು. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಒಳ್ಳೆಯದಲ್ಲ. ಉಳಿದ ಕಂಬಗಳು ಎಷ್ಟು ಚೆನ್ನಾಗಿ ಬಂದವು ಅಂದರೆ ಚಾವಣಿ ಮುಚ್ಚಲು ಮನಸ್ಸೇ ಬರಲಿಲ್ಲ. ಅದಕ್ಕೇ ಮಂಟಪದ ಚಾವಣಿಯನ್ನು ಡಬ್ಬಿ ಮುಚ್ಚಳದ ಹಾಗೆ ಎತ್ತುವಂತೆ ಮಾಡಿದ್ದೇನೆ. ಮಕ್ಕಳು ಮೊದಲು ಎತ್ತುವುದು ಅದನ್ನೇ.

ಒಟ್ಟು ಖರ್ಚು, ಹಾಳಾದದ್ದೂ ಸೇರಿ, ಹನ್ನೊಂದು ಸಾವಿರದ ಆಸುಪಾಸು. ಸರಿಯಾದದ್ದು ಒಂದಕ್ಕೆ ಮಾತ್ರ ಲೆಕ್ಕ ಹಾಕಿದರೆ ಎರಡೂವರೆ ಸಾವಿರ ದಾಟಲ್ಲ. ಒಬ್ಬರು ಹದಿನಾಲ್ಕು ಸಾವಿರಕ್ಕೆ ಕೇಳಿದರು, ಕೊಡಲಿಲ್ಲ.

ಕೊಡದೇ ಇದ್ದದ್ದಕ್ಕೆ ಒಂದು ಕಾರಣ ಇದೆ. ಲಕ್ಷ್ಮಿಯ ಗರ್ಭಗುಡಿಯ ಶಿಖರ ಮಿಕ್ಕ ಮೂರರ ಹಾಗಲ್ಲ, ಮೈತುಂಬಾ ಅಲಂಕಾರ. ಅಲ್ಲಿ ಹಾಳೆ ಆಟ ನಡೆಯಲ್ಲ. ಎಂ-ಸೀಲ್ ಮೆತ್ತಿ ಸೂಜಿಯಲ್ಲಿ ಕೊರೆದೆ, ಹತ್ತಿರದಿಂದ ನೋಡಿದರೆ ಹಲಸಿನ ಹಣ್ಣು. ಶೋಕೇಸಿನಲ್ಲಿ ಆ ಬದಿಯನ್ನು ಗೋಡೆ ಕಡೆಗೆ ತಿರುಗಿಸಿ ಇಟ್ಟಿದ್ದೇನೆ.