ಒಂದೇ ಕಮಾಂಡ್, ನಾಲ್ಕು ಅರ್ಥ: ಲಿಬ್‌ವರ್ಟ್‌ನಲ್ಲಿ ಬೇರೆ ಬೇರೆ ವಿಎಂಗಳನ್ನು ನೋಡಿಕೊಳ್ಳುವುದು ಹೇಗೆ?

ವಿಎಂಗೆ (ಒಂದು ಯಂತ್ರದೊಳಗೆ ಓಡುವ ವರ್ಚುವಲ್ ಕಂಪ್ಯೂಟರ್) ಶಟ್‌ಡೌನ್ ಕಮಾಂಡ್ ಕೊಟ್ಟಿರಿ. 'ಡೊಮೇನ್ ಬಂದ್ ಆಗುತ್ತಿದೆ' ಎಂಬ ಉತ್ತರವೂ ಬಂತು (ಡೊಮೇನ್ ಎಂದರೆ ಇಲ್ಲಿ ವಿಎಂ). ಐದು ನಿಮಿಷ ಬಿಟ್ಟು ನೋಡಿದರೆ ಅದು ಇನ್ನೂ ಓಡುತ್ತಲೇ ಇದೆ. ನಿಮ್ಮ ಟೈಪಿಂಗ್ ತಪ್ಪಿಲ್ಲ, ವಿಎಂಗಳನ್ನು ನಿಭಾಯಿಸುವ ಸಾಫ್ಟ್‌ವೇರ್ ಲಿಬ್‌ವರ್ಟ್ ಕೂಡ ಕೆಟ್ಟಿಲ್ಲ. ಅದು ವಿಷಯ ಮುಟ್ಟಿಸಿದೆ, ಅಷ್ಟೇ. ಆ ಕಡೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಲಿಬ್‌ವರ್ಟ್ ಶುರುವಾದದ್ದು 2005ರಲ್ಲಿ, ಮೊದಲು ಝೆನ್ ಎಂಬ ಹೈಪರ್‌ವೈಸರ್‌ಗಾಗಿ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್). 2007ರಲ್ಲಿ ಲಿನಕ್ಸ್ ಕರ್ನಲ್ 2.6.20ರ ಜೊತೆ ಕೆವಿಎಂ ಎಂಬ ಇನ್ನೊಂದು ಹೈಪರ್‌ವೈಸರ್ ಬಂದ ಮೇಲೆ ಅದಕ್ಕೂ ಬೆಂಬಲ ಸೇರಿತು. ಆಮೇಲೆ ಎಲ್‌ಎಕ್ಸ್‌ಸಿ ಕಂಟೇನರ್ (ಯಂತ್ರದ ಕರ್ನಲ್ಲನ್ನೇ ಬಳಸುವ ಪ್ರತ್ಯೇಕ ಆವರಣ), ವಿಎಂವೇರ್ ಕಂಪನಿಯ ಹೈಪರ್‌ವೈಸರ್ ಇಎಸ್‌ಎಕ್ಸ್‌ಐ ಹೀಗೆ ಪಟ್ಟಿ ಬೆಳೆಯಿತು. ಈಗ 'ವರ್ಶ್' ಎಂಬ ಒಂದೇ ಟೂಲ್‌ನಿಂದ ಇವೆಲ್ಲವನ್ನೂ ನೋಡಿಕೊಳ್ಳಬಹುದು. ತುಂಬಾ ಅನುಕೂಲ, ಅಲ್ವಾ? ಆದರೆ ಒಂದರಲ್ಲಿ ಕಲಿತದ್ದನ್ನು ಇನ್ನೊಂದರ ಮೇಲೆ ಹಾಗೆಯೇ ಹೇರಿದರೆ ಪೆಟ್ಟು ಬೀಳುತ್ತದೆ. ಕಮಾಂಡ್ ಒಂದೇ ಆದರೂ ಒಳಗೆ ನಡೆಯುವ ಕೆಲಸ ಬೇರೆ. ಅದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಸುಳ್ಳು ಹೋಸ್ಟ್‌ನಲ್ಲಿ ಕೈ ಪಳಗಿಸಿ

ಹೋಸ್ಟ್ ಎಂದರೆ ವಿಎಂಗಳನ್ನು ಓಡಿಸುವ ಯಂತ್ರ, ಡ್ರೈವರ್ ಎಂದರೆ ಒಂದೊಂದು ಹೈಪರ್‌ವೈಸರ್ ಜೊತೆ ಮಾತನಾಡುವ ಲಿಬ್‌ವರ್ಟ್‌ನ ಭಾಗ. ಲಿಬ್‌ವರ್ಟ್ ಜೊತೆಗೇ 'ಟೆಸ್ಟ್' ಎಂಬ ಡ್ರೈವರ್ ಬರುತ್ತದೆ. ಅದರ 'ಡೀಫಾಲ್ಟ್' ಹೋಸ್ಟ್‌ಗೆ ಕನೆಕ್ಟ್ ಆದರೆ 'ಟೆಸ್ಟ್' ಹೆಸರಿನ ಒಂದು ವಿಎಂ ಕಾಣುತ್ತದೆ. ಅದು ನಿಜವಾದ ವಿಎಂ ಅಲ್ಲ, ಬರೀ ಮೆಮೊರಿಯಲ್ಲಿರುವ ಲೆಕ್ಕ. ಸುಮ್ನೆ ಸ್ಟಾರ್ಟ್ ಮಾಡಿ, ನಿಲ್ಲಿಸಿ, ಅಳಿಸಿ, ಏನೂ ಹಾಳಾಗುವುದಿಲ್ಲ. ವರ್ಶ್‌ನಿಂದ ಹೊರಬಂದು ಮತ್ತೆ ಒಳಹೋದರೆ ಎಲ್ಲ ಮೊದಲಿನಂತೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

'ಡೆಸ್ಟ್ರಾಯ್' ಕಮಾಂಡನ್ನು ಇಲ್ಲೇ ಅಭ್ಯಾಸ ಮಾಡಿಕೊಳ್ಳಿ. ಹೆಸರು ಕೇಳಿ ಹೆದರುವವರು ಜಾಸ್ತಿ. ಅದು ವಿಎಂ ಅನ್ನು ಅಳಿಸುವುದಿಲ್ಲ, ಕರೆಂಟ್ ವೈರ್ ಕಿತ್ತ ಹಾಗೆ ಒಮ್ಮೆಲೇ ನಿಲ್ಲಿಸುತ್ತದೆ. ವಿಎಂನ ನೋಂದಣಿ ತೆಗೆಯುವುದು 'ಅನ್‌ಡಿಫೈನ್'. ಕೆವಿಎಂನಲ್ಲಿ ಅದೂ ಡಿಸ್ಕ್ ಫೈಲನ್ನು ತಾನಾಗಿ ಮುಟ್ಟುವುದಿಲ್ಲ, ಡಿಸ್ಕನ್ನೂ ಅಳಿಸು ಎಂದು ಬೇರೆ ಆಪ್ಷನ್ ಕೊಡಬೇಕು.

ಹಂತ 2: ಎಲ್ಲಿಗೆ ಕನೆಕ್ಟ್ ಆಗಿದ್ದೀರಿ ಎಂದು ನೋಡಿ

'ನನ್ನ ವಿಎಂಗಳೆಲ್ಲ ಮಾಯ ಆಗಿವೆ' ಎಂದು ಗಾಬರಿಯಾಗುವವರಲ್ಲಿ ಹೆಚ್ಚಿನವರ ವಿಎಂಗಳು ಎಲ್ಲಿಗೂ ಹೋಗಿರುವುದಿಲ್ಲ. ಕೆವಿಎಂ ಹೋಸ್ಟ್‌ನಲ್ಲಿ ಎರಡು ಬಾಗಿಲುಗಳಿವೆ. 'ಸಿಸ್ಟಮ್' ಎಂಬುದು ಇಡೀ ಯಂತ್ರಕ್ಕೆ ಸೇರಿದ್ದು, 'ಸೆಷನ್' ಎಂಬುದು ಆ ಒಬ್ಬ ಬಳಕೆದಾರರದ್ದು. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಅಲ್ಲದೆ ವರ್ಶ್ ಓಡಿಸಿದರೆ ಸಾಮಾನ್ಯವಾಗಿ ಸೆಷನ್‌ಗೆ ಹೋಗುತ್ತದೆ. ಅಲ್ಲಿ ಪಟ್ಟಿ ಖಾಲಿ. ಹಾಗಾಗಿ ಮೊದಲು 'ಯುಆರ್‌ಐ' ಕಮಾಂಡ್ ಕೊಟ್ಟು ಯಾವ ಬಾಗಿಲಲ್ಲಿ ಇದ್ದೀರಿ ಎಂದು ನೋಡಿಕೊಳ್ಳಿ. ಪಟ್ಟಿ ಕೇಳುವಾಗ 'ಆಲ್' ಆಪ್ಷನ್ ಸೇರಿಸಿ, ಇಲ್ಲದಿದ್ದರೆ ನಿಂತಿರುವ ವಿಎಂಗಳು ಕಾಣುವುದಿಲ್ಲ.

ಇದೇ ಪಟ್ಟಿಯನ್ನು ಝೆನ್ ಹೋಸ್ಟ್‌ನಲ್ಲಿ ಕೇಳಿದರೆ ನೀವು ಮಾಡದ ಒಂದು ವಿಎಂ ಎಲ್ಲಕ್ಕಿಂತ ಮೇಲೆ ಕೂತಿರುತ್ತದೆ: 'ಡೊಮೇನ್-0', ಐಡಿ ಸೊನ್ನೆ. ಝೆನ್‌ನಲ್ಲಿ ಹೈಪರ್‌ವೈಸರ್ ಕೆಳಗೆ ಇರುತ್ತದೆ, ನೀವು ಲಾಗಿನ್ ಆಗುವ ಲಿನಕ್ಸ್ ಕೂಡ ಅದರ ಮೇಲೆ ಓಡುವ ಒಂದು ಡೊಮೇನ್. ಕೆವಿಎಂನಲ್ಲಿ ಆ ಲಿನಕ್ಸೇ ಹೈಪರ್‌ವೈಸರ್, ಆದ್ದರಿಂದ ಪಟ್ಟಿಗೆ ಬರುವುದಿಲ್ಲ. ಪಟ್ಟಿಯಲ್ಲಿರುವ ಎಲ್ಲವನ್ನೂ ನಿಲ್ಲಿಸುವ ಸ್ಕ್ರಿಪ್ಟ್ ಇದ್ದರೆ ಡೊಮೇನ್-0 ಅನ್ನು ಹೊರಗಿಡಲು ಮರೆಯಬೇಡಿ.

ಇಎಸ್‌ಎಕ್ಸ್‌ಐ ಕಥೆ ಇನ್ನೊಂದು. ಆ ಹೋಸ್ಟ್‌ನಲ್ಲಿ ಲಿಬ್‌ವರ್ಟ್ ಇರುವುದೇ ಇಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿರುವ ಲಿಬ್‌ವರ್ಟ್ ನೇರವಾಗಿ ವಿಎಂವೇರ್‌ನ ಎಪಿಐ (ಪ್ರೋಗ್ರಾಂಗಳು ಮಾತನಾಡುವ ದ್ವಾರ) ಜೊತೆ ಮಾತನಾಡುತ್ತದೆ. ಉಚಿತ ಲೈಸೆನ್ಸ್‌ನ ಹೋಸ್ಟ್ ಆದರೆ ಈ ಎಪಿಐ ಓದುವುದಕ್ಕೆ ಮಾತ್ರ ತೆರೆದಿರುತ್ತದೆ. ಪಟ್ಟಿ ಚೆನ್ನಾಗಿ ಬರುತ್ತದೆ, ಸ್ಟಾರ್ಟ್ ಮಾಡಲು ಹೋದರೆ ಎರರ್. ಪಾಸ್‌ವರ್ಡ್ ತಪ್ಪಿರಬೇಕು ಎಂದು ಅಲ್ಲೇ ಒದ್ದಾಡಬೇಡಿ, ಲೈಸೆನ್ಸ್ ನೋಡಿ.

ಹಂತ 3: ಶಟ್‌ಡೌನ್ ಯಾರ ಕಿವಿಗೆ ಬೀಳುತ್ತದೆ?

ನನಗೆ ಅತಿ ಮುಖ್ಯ ಅನ್ನಿಸುವ ಹಂತ ಇದು. ಒಮ್ಮೆ ಹೋಸ್ಟ್‌ಗೆ ಹೊಸ ಮೆಮೊರಿ ಹಾಕಬೇಕಿತ್ತು. ಎಲ್ಲ ವಿಎಂಗಳಿಗೆ ಶಟ್‌ಡೌನ್ ಕಳಿಸಿ, ಎರಡು ನಿಮಿಷ ಕಾದು, ಹೋಸ್ಟನ್ನು ಆಫ್ ಮಾಡುವ ಸ್ಕ್ರಿಪ್ಟ್ ಬರೆದಿದ್ದೆ. ಉತ್ತರಗಳೆಲ್ಲ ಸರಿಯಾಗಿ ಬಂದವು. ಆದರೆ ಒಂದು ವಿಎಂನಲ್ಲಿ ಲಿನಕ್ಸನ್ನು ತೀರಾ ಚಿಕ್ಕದಾಗಿ ಇನ್‌ಸ್ಟಾಲ್ ಮಾಡಿದ್ದರಿಂದ ಪವರ್ ಬಟನ್ ಸಿಗ್ನಲ್ ಕೇಳುವ ಪ್ರೋಗ್ರಾಂ ಇರಲಿಲ್ಲ. ಅದರೊಳಗೆ ಡೇಟಾಬೇಸ್ ಓಡುತ್ತಲೇ ಇತ್ತು. ಹೋಸ್ಟ್ ಆಫ್ ಆಯಿತು. ಮತ್ತೆ ಆನ್ ಮಾಡಿದಾಗ ಡೇಟಾಬೇಸ್ ರಿಕವರಿಗೆ ಇಳಿಯಿತು. ಅದು ಮುಗಿಯುವವರೆಗೆ ಸ್ಕ್ರೀನ್ ಮುಂದಿನಿಂದ ಏಳಲಿಲ್ಲ. ಡೇಟಾ ಉಳಿಯಿತು, ಆದರೆ ಆ ಸ್ಕ್ರಿಪ್ಟನ್ನು ಅವತ್ತೇ ಬದಲಿಸಿದೆ.

ಕೆವಿಎಂನಲ್ಲಿ ಶಟ್‌ಡೌನ್ ಎಂದರೆ ವಿಎಂನ ಎಸಿಪಿಐ (ಪವರ್ ನಿಭಾಯಿಸುವ ಮಾನಕ) ಪವರ್ ಬಟನ್ ಒತ್ತಿದ ಹಾಗೆ, ಇಲ್ಲವೇ ಗೆಸ್ಟ್ (ವಿಎಂ ಒಳಗಿನ ಆಪರೇಟಿಂಗ್ ಸಿಸ್ಟಮ್) ಒಳಗಿರುವ ಗೆಸ್ಟ್ ಏಜೆಂಟ್ ಎಂಬ ಪ್ರೋಗ್ರಾಂಗೆ ಹೇಳಿದ ಹಾಗೆ. ಇಎಸ್‌ಎಕ್ಸ್‌ಐನಲ್ಲಿ ಗೆಸ್ಟ್ ಒಳಗೆ ವಿಎಂವೇರ್ ಟೂಲ್ಸ್ ಓಡುತ್ತಿರಬೇಕು. ಝೆನ್‌ನ ಪ್ಯಾರಾವರ್ಚುವಲ್ ಗೆಸ್ಟ್‌ಗೆ (ತಾನು ಝೆನ್ ಮೇಲಿದ್ದೇನೆಂದು ತಿಳಿದಿರುವ ಗೆಸ್ಟ್) ಝೆನ್‌ಸ್ಟೋರ್ ಎಂಬ ಝೆನ್‌ನ ಹಂಚಿಕೆಯ ಮಾಹಿತಿ ಸಂಗ್ರಹದ ಮೂಲಕ ಸುದ್ದಿ ಹೋಗುತ್ತದೆ. ಎಲ್‌ಎಕ್ಸ್‌ಸಿಯಲ್ಲಿ ಬಟನ್ನೂ ಇಲ್ಲ, ಬೇರೆ ಕರ್ನಲ್ಲೂ ಇಲ್ಲ, ಕಂಟೇನರ್‌ನ ಮೊದಲ ಪ್ರೋಸೆಸ್ ಆದ ಇನಿಟ್‌ಗೇ ಹೇಳಬೇಕು.

ಹಾಗಾದರೆ ಏನು ಮಾಡಬೇಕು? ಶಟ್‌ಡೌನ್ ಕಳಿಸಿದ ಮೇಲೆ 'ಡೊಮ್‌ಸ್ಟೇಟ್' ಕಮಾಂಡ್‌ನಿಂದ ಆಗಾಗ ಸ್ಥಿತಿ ಕೇಳಿ. 'ಶಟ್ ಆಫ್' ಎಂದು ಬರುವ ತನಕ ಹೋಸ್ಟ್ ಮುಟ್ಟಬೇಡಿ. ಐದು ನಿಮಿಷವಾದರೂ ಬರದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ, ಮುಂದೇನು ಎಂದು ಮನುಷ್ಯರೇ ನಿರ್ಧರಿಸಲಿ. ಡೆಸ್ಟ್ರಾಯ್ ಅನ್ನು ಸ್ಕ್ರಿಪ್ಟ್ ಒಳಗೆ ಸೇರಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಹಂತ 4: ಎಕ್ಸ್‌ಎಂಎಲ್ ತೆರೆದು ಓದಿ

'ಡಂಪ್‌ಎಕ್ಸ್‌ಎಂಎಲ್' ಕೊಟ್ಟರೆ ವಿಎಂನ ಪೂರ್ತಿ ವಿವರ ಎಕ್ಸ್‌ಎಂಎಲ್ ಎಂಬ ಪಠ್ಯ ರೂಪದಲ್ಲಿ ಬರುತ್ತದೆ. ಮೊದಲ ಸಾಲಿನಲ್ಲೇ ಅದರ ಜಾತಿ ಗೊತ್ತಾಗುತ್ತದೆ: ಕೆವಿಎಂ, ಝೆನ್, ಎಲ್‌ಎಕ್ಸ್‌ಸಿ ಅಥವಾ ವಿಎಂವೇರ್. ಅಲ್ಲಿ 'ಕ್ಯೂಎಮು' ಎಂದಷ್ಟೇ ಇದ್ದು ವಿಎಂ ತೆವಳುತ್ತಿದ್ದರೆ ಕಾರಣ ಸಿಕ್ಕಿತು. ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯ ಬಳಕೆಯಾಗದೆ ಎಲ್ಲ ಕೆಲಸ ಸಾಫ್ಟ್‌ವೇರ್‌ನಲ್ಲೇ ನಡೆಯುತ್ತಿದೆ. ಬಯಾಸ್‌ನಲ್ಲಿ ಆ ಸೌಲಭ್ಯ ಆನ್ ಆಗಿದೆಯೇ ನೋಡಿ.

ಡಿಸ್ಕ್ ಸಾಲನ್ನೂ ಗಮನಿಸಿ. ಕೆವಿಎಂನಲ್ಲಿ ವರ್ಟಿಯೋ (ವಿಎಂಗಳಿಗೆಂದೇ ಮಾಡಿದ ವರ್ಚುವಲ್ ಸಾಧನಗಳ ಮಾದರಿ) ಡಿಸ್ಕ್‌ನ ಹೆಸರು 'ವಿಡಿಎ', ಝೆನ್‌ನಲ್ಲಿ 'ಎಕ್ಸ್‌ವಿಡಿಎ'. ಇಎಸ್‌ಎಕ್ಸ್‌ಐನಲ್ಲಿ ಫೈಲ್‌ನ ದಾರಿ ಚೌಕ ಕಂಸದೊಳಗಿನ ಡೇಟಾಸ್ಟೋರ್ (ವಿಎಂ ಫೈಲ್‌ಗಳ ಸಂಗ್ರಹ) ಹೆಸರಿನಿಂದ ಶುರುವಾಗುತ್ತದೆ, ಮೆಮೊರಿ ಅಳತೆಯೂ 4 ಎಂಬಿಯ ಗುಣಕವಾಗಿರಬೇಕು. ಎಲ್‌ಎಕ್ಸ್‌ಸಿಯಲ್ಲಿ ಸಾಮಾನ್ಯವಾಗಿ ಡಿಸ್ಕ್ ಬದಲು ಒಂದು ಫೋಲ್ಡರ್ ಇರುತ್ತದೆ. ಒಂದರ ಎಕ್ಸ್‌ಎಂಎಲ್ ಕಾಪಿ ಮಾಡಿ ಇನ್ನೊಂದಕ್ಕೆ ಅಂಟಿಸಿದರೆ ನಡೆಯುವುದಿಲ್ಲ ಎನ್ನುವುದು ಇದರಿಂದಲೇ.

ಹಂತ 5: ಸ್ನ್ಯಾಪ್‌ಶಾಟ್, ಮೈಗ್ರೇಶನ್ ಇದೆಯೇ ಕೇಳಿ

ಸ್ನ್ಯಾಪ್‌ಶಾಟ್ ಎಂದರೆ ವಿಎಂನ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವುದು. ಕೆವಿಎಂನಲ್ಲಿ ಡಿಸ್ಕ್ ಒಳಗೇ ಉಳಿಯುವ ಸ್ನ್ಯಾಪ್‌ಶಾಟ್‌ಗೆ ಕ್ಯೂಕೌ2 ಮಾದರಿಯ ಡಿಸ್ಕ್ ಫೈಲ್ ಬೇಕು, ರಾ ಮಾದರಿಯದ್ದಾದರೆ ಆಗುವುದಿಲ್ಲ. ಇಎಸ್‌ಎಕ್ಸ್‌ಐನಲ್ಲೂ ಸ್ನ್ಯಾಪ್‌ಶಾಟ್ ಇದೆ. ಎಲ್‌ಎಕ್ಸ್‌ಸಿ ಡ್ರೈವರ್‌ನಲ್ಲಿ ಇಲ್ಲ. ಓಡುತ್ತಿರುವಾಗಲೇ ಇನ್ನೊಂದು ಹೋಸ್ಟ್‌ಗೆ ಸಾಗಿಸುವುದು (ಮೈಗ್ರೇಶನ್) ಕೆವಿಎಂ, ಝೆನ್ ಎರಡರಲ್ಲೂ ಸಾಧ್ಯ. ಇಎಸ್‌ಎಕ್ಸ್‌ಐ ಆದರೆ ಮಧ್ಯದಲ್ಲಿ ವಿಸೆಂಟರ್ (ವಿಎಂವೇರ್‌ನ ನಿರ್ವಹಣಾ ಸರ್ವರ್) ಬೇಕೇ ಬೇಕು. ಕೆವಿಎಂನಲ್ಲಿ ಸಿಪಿಯು ಸೆಟ್ಟಿಂಗ್ 'ಹೋಸ್ಟ್-ಪಾಸ್‌ಥ್ರೂ' (ಹೋಸ್ಟ್‌ನ ಪ್ರೊಸೆಸರ್ ಅನ್ನೇ ವಿಎಂಗೆ ತೋರಿಸುವುದು) ಆಗಿದ್ದರೆ ಎರಡೂ ಹೋಸ್ಟ್‌ಗಳ ಪ್ರೊಸೆಸರ್ ಒಂದೇ ಥರ ಇರಬೇಕು.

ಯಾವ ಡ್ರೈವರ್‌ನಲ್ಲಿ ಯಾವ ಸೌಲಭ್ಯ ಎಷ್ಟನೇ ಆವೃತ್ತಿಯಿಂದ ಇದೆ ಎಂಬ ದೊಡ್ಡ ಕೋಷ್ಟಕ ಲಿಬ್‌ವರ್ಟ್ ದಾಖಲೆಗಳಲ್ಲಿದೆ. ಸ್ಕ್ರಿಪ್ಟ್ ಬರೆಯುವ ಮೊದಲು ಅದನ್ನು ತೆರೆದಿಟ್ಟುಕೊಳ್ಳಿ.

ಹಂತ 6: ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ

ವಿಎಂವೇರ್ ಅಥವಾ ಝೆನ್‌ನಿಂದ ಕೆವಿಎಂಗೆ ತರಲು 'ವರ್ಟ್-ವಿಟುವಿ' ಎಂಬ ಟೂಲ್ ಇದೆ. ಬರೀ ಡಿಸ್ಕ್ ಫೈಲ್ ಪರಿವರ್ತಿಸಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಸ್ಕ್ರೀನ್‌ನಲ್ಲಿ ನಿಲ್ಲಬಹುದು, ಏಕೆಂದರೆ ವರ್ಟಿಯೋ ಡ್ರೈವರ್ ಅದರೊಳಗೆ ಇರುವುದಿಲ್ಲ. ವರ್ಟ್-ವಿಟುವಿ ಆ ಡ್ರೈವರ್ ಹಾಕಿ ಕೊಡುತ್ತದೆ. ಲಿನಕ್ಸ್ ಆದರೆ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಡಿಸ್ಕ್ ಹೆಸರಿನ ಬದಲು ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಇದೆಯೇ ಎಂದು ಮೊದಲೇ ನೋಡಿ.

ಪರಿವರ್ತನೆಗೆ ಮುಂಚೆ ಹಳೆಯ ವಿಎಂ ಅನ್ನು ಪೂರ್ತಿ ನಿಲ್ಲಿಸಿ, ಡೊಮ್‌ಸ್ಟೇಟ್ ಕೇಳಿ ಖಚಿತ ಮಾಡಿಕೊಳ್ಳಿ. ಟೂಲ್ ಹಳೆಯದನ್ನು ಬದಲಿಸುವುದಿಲ್ಲ, ಹಾಗಾಗಿ ಹೊಸದು ಒಂದೆರಡು ವಾರ ಸರಿಯಾಗಿ ಓಡುವ ತನಕ ಅದು ಅಲ್ಲೇ ಇರಲಿ. ಆದರೆ ಅದರ ಆಟೋಸ್ಟಾರ್ಟ್ ತೆಗೆದುಬಿಡಿ. ಹಳೆಯ ಹೋಸ್ಟ್ ಯಾವತ್ತೋ ರೀಬೂಟ್ ಆಗಿ ಒಂದೇ ಐಪಿಯ ಎರಡು ವಿಎಂಗಳು ಎದ್ದರೆ ಯಾವುದರಲ್ಲಿ ಯಾವ ಡೇಟಾ ಬಿತ್ತು ಎಂದು ಹುಡುಕುವುದು ಬಹಳ ಕಷ್ಟ.