ಜನಾಂಗೀಯ ಕಿರುಕುಳದ ದೂರನ್ನು ನಾವು ದಾಖಲಿಸತೊಡಗಿದ ಬಗೆ

ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ನನಗೆ ಬಂದಾಗ ಮೊದಲು ಓದಿದ್ದು ಹಳೆಯ ದೂರು ಪುಸ್ತಕವನ್ನು. ಮೈಬಣ್ಣ, ಕೂದಲು, ಮನೆಮಾತು ಇವುಗಳನ್ನು ಹಿಡಿದು ಮಗುವೊಂದನ್ನು ಹೀಯಾಳಿಸಿದ ಪ್ರಸಂಗಗಳೆಲ್ಲ ಅಲ್ಲಿ ‘ಮಕ್ಕಳ ಜಗಳ’ ಎಂಬ ಷರಾದೊಂದಿಗೆ ಮುಗಿದುಹೋಗಿದ್ದವು. ಹೀಗೆ ಬರೆದಿಟ್ಟರೆ ಒಂದೇ ಮಗು ಒಂದೇ ಗುಂಪಿನಿಂದ ಪದೇ ಪದೇ ನೋಯುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲವಾದ್ದರಿಂದ, ದಾಖಲಿಸುವ ಕ್ರಮವನ್ನೇ ಮೊದಲು ಬದಲಿಸಿದೆವು.

ಬ್ರಿಟನ್ನಿನಲ್ಲಿ 1993ರಲ್ಲಿ ಕೊಲೆಯಾದ ಕಪ್ಪುವರ್ಣೀಯ ಯುವಕ ಸ್ಟೀಫನ್ ಲಾರೆನ್ಸ್‌ನ ಪ್ರಕರಣವನ್ನು ಪರಿಶೀಲಿಸಿದ ಸರ್ ವಿಲಿಯಂ ಮ್ಯಾಕ್‌ಫರ್ಸನ್ ಅವರ 1999ರ ವರದಿ, ಗುರಿಯಾದವರಾಗಲಿ ಬೇರೆ ಯಾರೇ ಆಗಲಿ ಜನಾಂಗೀಯವೆಂದು ಭಾವಿಸಿದ ಘಟನೆಯನ್ನು ಜನಾಂಗೀಯ ಘಟನೆಯೆಂದೇ ಪರಿಗಣಿಸಬೇಕೆಂದಿತು. ಈ ಸೂತ್ರವನ್ನೇ ನಾವು ಅನುಸರಿಸಿದೆವು. ಇದರಿಂದ ಆರೋಪಕ್ಕೊಳಗಾದ ವಿದ್ಯಾರ್ಥಿ ತಪ್ಪಿತಸ್ಥನೆಂದು ಮೊದಲೇ ತೀರ್ಮಾನವಾಗುತ್ತದೆಂದು ಕೆಲವು ಸಹೋದ್ಯೋಗಿಗಳು ಆತಂಕಪಟ್ಟರು. ಹಾಗಲ್ಲ, ವಿಚಾರಣೆ ಎಲ್ಲಿಂದ ಆರಂಭವಾಗಬೇಕೆಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ಏನು ನಡೆಯಿತೆಂಬುದನ್ನು ಎರಡೂ ಕಡೆ ಕೇಳಿಯೇ ತಿಳಿಯಬೇಕು.

ಮಗು ಹೇಳಿದ ಮಾತನ್ನು, ಬೈಗುಳವನ್ನೂ ಸೇರಿಸಿ, ತಿದ್ದದೆ ಬರೆದುಕೊಳ್ಳಬೇಕೆಂದು ನಿಯಮ ಮಾಡಿದೆವು. ‘ಅವನು ಬೇಕೆಂದೇ ಅಂದನೇ?’ ಎಂದು ನೊಂದ ಮಗುವನ್ನು ಕೇಳುವುದನ್ನೂ, ಇಬ್ಬರನ್ನೂ ಎದುರುಬದುರು ಕೂರಿಸಿ ಕೈಕುಲುಕಿಸುವುದನ್ನೂ ನಿಲ್ಲಿಸಿದೆವು. ಗುಟ್ಟಾಗಿಡುತ್ತೇನೆಂದು ಮಾತು ಕೊಡದೆ, ಯಾರಿಗೆ ಏಕೆ ತಿಳಿಸಬೇಕಾಗುತ್ತದೆ ಎಂಬುದನ್ನು ಮಗುವಿಗೆ ವಿವರಿಸಿ, ಎರಡೂ ಮನೆಯವರಿಗೆ ಬೇರೆ ಬೇರೆಯಾಗಿ ತಿಳಿಸುತ್ತಿದ್ದೆವು. ಈ ನಿಯಮಗಳ ತರಬೇತಿಯನ್ನು ಶಿಕ್ಷಕರಿಗಷ್ಟೇ ಕೊಟ್ಟರೆ ಸಾಲದು; ಊಟದ ಕೋಣೆ, ಮೈದಾನ, ಶಾಲಾ ವಾಹನಗಳಲ್ಲಿ ನಡೆಯುವುದನ್ನು ಮೊದಲು ಕೇಳಿಸಿಕೊಳ್ಳುವವರು ಅಲ್ಲಿನ ಸಿಬ್ಬಂದಿಯೇ.

ಹೀಯಾಳಿಸಿದ ವಿದ್ಯಾರ್ಥಿಯೊಂದಿಗಿನ ಮಾತುಕತೆಗೆ ಹೆಚ್ಚು ತಾಳ್ಮೆ ಬೇಕು. ಶಿಕ್ಷೆ ಅಗತ್ಯವಿದ್ದಲ್ಲಿ ಕೊಟ್ಟೆವು. ಆದರೆ ಆ ಮಾತನ್ನು ಎಲ್ಲಿ ಕಲಿತ, ಅದು ಕೇಳಿದವರಿಗೆ ಏನು ಮಾಡುತ್ತದೆ ಎಂಬುದನ್ನು ಅವನೊಂದಿಗೆ ನಿಧಾನವಾಗಿ ಚರ್ಚಿಸದಿದ್ದರೆ, ಅವನು ಅದನ್ನೇ ಶಿಕ್ಷಕರ ಕಿವಿಗೆ ಬೀಳದಲ್ಲಿ ಆಡುತ್ತಾನೆ. ನೊಂದ ಮಗುವನ್ನು ಕೆಲವು ವಾರಗಳ ನಂತರ ನಾವೇ ಕರೆದು ವಿಚಾರಿಸುತ್ತಿದ್ದೆವು, ಏಕೆಂದರೆ ಮತ್ತೊಂದು ದೂರು ಬರಲಿಲ್ಲವೆಂದ ಮಾತ್ರಕ್ಕೆ ಕಿರುಕುಳ ನಿಂತಿತೆಂದು ಹೇಳಲಾಗದು. ಪ್ರತಿ ಶೈಕ್ಷಣಿಕ ಅವಧಿಯ ಕೊನೆಯಲ್ಲಿ ದಾಖಲೆಗಳನ್ನು ಸ್ಥಳ ಮತ್ತು ಸಮಯದ ಪ್ರಕಾರ ಜೋಡಿಸಿ ನೋಡಿ, ಮೇಲ್ವಿಚಾರಣೆಗೆ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಅದರಂತೆ ಬದಲಿಸುತ್ತಿದ್ದೆವು.